ಹೊಸ್ತಿಲ ಒಳಗಿನ ಶೂ

ಗಂಡನ ಮಾತು, ಅವನ ಕಾಲು, ಎರಡರ ಮೇಲೂ ನನಗೆ ಅನುಮಾನ ಹುಟ್ಟಿತ್ತು. ಎಡ ಮೊಣಕಾಲಿನ ಕೆಳಗೆ ಅವನಿಗಿರುವುದು ಕಾರ್ಬನ್ ನಾರಿನ ಪದರಗಳನ್ನು ಅಂಟಿಸಿ ಮಾಡಿದ ಕೃತಕ ಪಾದ. ಈ ಪರದೇಶದಲ್ಲಿ, ಹೇಸ್ ಎಂಬ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಅವನು ಮೆಟ್ಟಿಲಿಳಿಯುವಾಗ ‘ಟಕ್’ ಎಂಬ ಸದ್ದು ಬರತೊಡಗಿತ್ತು.

“ಹಳೇ ಮನೆ ಕಣೇ, ಮೆಟ್ಲು ಸದ್ದು ಮಾಡತ್ತೆ.”

“ನಾನು ಇಳಿದ್ರೆ ಯಾಕೋ ಮಾಡಲ್ಲ?”

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಸುತ್ತುತ್ತಿದ್ದವನು ಈಗ ಬೆನ್ನುನೋವು ಎನ್ನುತ್ತಿದ್ದ. ಎಂಥ ಬೆನ್ನುನೋವು! ಮಗುವಿನ ಸಮೇತ ಬಿದ್ದುಬಿಡುವ ಭಯ. ಅದನ್ನು ನನ್ನಿಂದ ಮುಚ್ಚಿಟ್ಟನಲ್ಲ ಎಂದು ಮೈ ಉರಿಯಿತು.

ಕಾಲು ಜೋಡಿಸಿಕೊಟ್ಟ ಕ್ಲಿನಿಕ್‌ನವರು ಪಾದವನ್ನು ತಿರುಗಿಸಿ ನೋಡಿ, ಹೊರಗೆ ಬಿರುಕಿಲ್ಲ ಎಂದರು. ಹೊರಗೆ! ಇಂಥ ವಸ್ತು ಕೆಡುವುದೇ ಒಳಗೆ, ಪದರಗಳ ನಡುವೆ ಅಂಟು ಬಿಟ್ಟು. ಅದು ಎಲ್ಲಿ ಶುರುವಾಗಿ ಹೇಗೆ ಹರಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ನನ್ನ ಕೆಲಸ. ಆಫೀಸಿನಲ್ಲಿ ಅನುಮತಿ ಕೇಳಿಕೊಂಡು ಕಂಪ್ಯೂಟರಿನಲ್ಲೇ ಆ ಪಾದದ ಮಾದರಿಯನ್ನು ಕಟ್ಟಿದೆ. ಲಕ್ಷಾಂತರ ಹೆಜ್ಜೆ ಹಾಕಿಸಿದರೂ ಒಂದು ಪದರವೂ ಬಿಡಲಿಲ್ಲ. ಇಷ್ಟು ಒಳ್ಳೆಯ ಉತ್ತರ ಬಂದಾಗಲೇ ನನಗೆ ಅನುಮಾನ ಹೆಚ್ಚು.

ಅವತ್ತು ಸಂಜೆ ಅವನು ಬಾಗಿಲಲ್ಲೇ ಶೂ ಬಿಚ್ಚಿದ. ಬಿಚ್ಚದಿದ್ದರೆ ನಾನು ಬಿಡುತ್ತೇನೆಯೇ? ಬಾಯ್ಲರ್ ರಿಪೇರಿಗೆ ಬಂದವನನ್ನೂ ಶೂ ಸಮೇತ ಒಳಗೆ ಬಿಟ್ಟಿಲ್ಲ. ಒಳಗೆ ಬಂದವನು ಗೋಡೆ ಹಿಡಿದು, ಕೊಂಚ ಹಿಂದಕ್ಕೆ ವಾಲಿ ನಡೆದ. ಟಕ್.

ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಪಾದವನ್ನು ಜೋಡಿಸಿದ್ದು ಶೂವಿನ ಹಿಮ್ಮಡಿಯ ಎತ್ತರಕ್ಕೆ ಸರಿಯಾಗಿ. ನನ್ನ ಮಾದರಿ ನಡೆದದ್ದೂ ಶೂ ಹಾಕಿಕೊಂಡೇ. ಮನೆಯಲ್ಲಿ ಅವನು ವರ್ಷಗಟ್ಟಲೆ ಬರಿಗಾಲಲ್ಲಿ ಓಡಾಡಿದ್ದ, ಹಿಮ್ಮಡಿ ತಗ್ಗಿ ಹಿಂದಕ್ಕೆ ವಾಲಿದ ಕಾಲನ್ನು ಪ್ರತಿ ಹೆಜ್ಜೆಗೂ ಮುಂದಕ್ಕೆ ದೂಡುವಾಗ ಭಾರವೆಲ್ಲ ಪಾದದ ತುದಿಗೆ ಬಿದ್ದಿತ್ತು.

ಮಾದರಿಯ ಶೂ ಬಿಚ್ಚಿಸಿದೆ. ಬೆರಳಿನ ಕಡೆಯ ನಡುಪದರಗಳು ಬಿಟ್ಟುಕೊಂಡು ಹಿಂದಕ್ಕೆ ಹರಡಿದವು. ಆ ಚಿತ್ರ ತೋರಿಸಿ ಹಟ ಹಿಡಿದ ಮೇಲೆ ಕ್ಲಿನಿಕ್‌ನವರು ಸ್ಕ್ಯಾನ್ ಮಾಡಿಸಿದರು. ಅಲ್ಲೇ ಬಿಟ್ಟಿತ್ತು. ಪಾದ ಬದಲಾಯಿಸಿದರು.

ಹೊಸ ಪಾದಕ್ಕೆ ಒಂದು ಜೊತೆ ಹೊಸ ಶೂ ತಂದು ಹೊಸ್ತಿಲ ಒಳಗಿಟ್ಟೆ. “ಇದು ಮನೆಯೊಳಗೆ ಹಾಕ್ಕೊಳ್ಳೋಕೆ.”

ಈಗ ಅನುಮಾನ ಅವನದು. “ದೇವ್ರ ಮುಂದೂನಾ?”

“ದೇವ್ರ ಮುಂದೆ ನೀನು ಬಿದ್ರೆ ಎತ್ತೋದು ನಾನು. ಸುಮ್ನೆ ಹಾಕ್ಕೋ.”

ಹಾಕಿಕೊಂಡ. “ಅಮ್ಮಾ, ಡ್ಯಾಡಿ ಈಸ್ ವೇರಿಂಗ್ ಶೂಸ್!” ಎಂದು ಮಹಡಿಯಿಂದ ದೂರು ಹೇಳಿದ ಮಗಳನ್ನು ಮೇಲೆ ಹೋಗಿ ಎತ್ತಿ ಹೆಗಲಿಗೇರಿಸಿಕೊಂಡ. ಇಬ್ಬರೂ ಇಳಿದು ಬರುವಾಗ ನಾನು ಕುಕ್ಕರ್ ಆಫ್ ಮಾಡಿ, ಕಿವಿಗೊಟ್ಟು ನಿಂತೆ. ಕೊನೆಯ ಮೆಟ್ಟಿಲವರೆಗೂ ಕೇಳಿದ್ದು ಶೂ ಸದ್ದೊಂದೇ.