ಅಕ್ಕೋರ ಪಕ್ಕದ ಜಾಗ

ಓದು ಮುಗಿಸಿದ ಮೇಲೆ ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದೆ. ಸಾಗರದಿಂದ ಬೆಳಗಿನ ಬಸ್ಸು. ನನಗೆ ಕೊಟ್ಟದ್ದು ನಲಿಕಲಿ ಕೋಣೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಅಲ್ಲಿ ಒಟ್ಟಿಗೆ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಹೊಸ ಪಾಠ ಶುರುವಾದಾಗ ಶಿಕ್ಷಕಿಯ ಪಕ್ಕ. ಕಲಿತಂತೆಲ್ಲ ಒಂದೊಂದೇ ಗುಂಪು ದಾಟಿ ದೂರ ಸರಿಯಬೇಕು. ತಾವೇ ಓದಿಕೊಳ್ಳಬಲ್ಲವರು ಕಿಟಕಿಯ ಬಳಿ. ಪಾಠಗಳೆಲ್ಲ ಕಾರ್ಡುಗಳಲ್ಲಿ, ಅವುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ ತೋರಿಸುವ ಕಲಿಕೆಯ ಏಣಿಯ ಪಟ ಗೋಡೆಯ ಮೇಲೆ.

"ಕಾರ್ಡು, ಏಣಿ ಎಲ್ಲ ಆಮೇಲೆ ಬಂದಿದ್ದು. ನಾಲ್ಕು ಕ್ಲಾಸಿಗೆ ಒಬ್ಬನೇ ಮೇಷ್ಟ್ರಾಗಿದ್ದಾಗ ನಾನೂ ಇದನ್ನೇ ಮಾಡ್ತಿದ್ದೆ, ಹೆಸರಿರಲಿಲ್ಲ ಅಷ್ಟೆ," ಎಂದಿದ್ದರು ಮುಖ್ಯೋಪಾಧ್ಯಾಯರು.

ಮೂರನೇ ತರಗತಿಯ ಒಬ್ಬಳು ನನ್ನ ಪಕ್ಕದಿಂದ ಕದಲಲೇ ಇಲ್ಲ. ಅವಳಿಗೆ ಕಾಗುಣಿತ ಬರುತ್ತಿರಲಿಲ್ಲ. ಅವಳ ತಾಯಿ ಅದೇ ಶಾಲೆಯ ಬಿಸಿಯೂಟದ ಅಡುಗೆಯವರು. ಸಾರಿನ ಪಾತ್ರೆ ಹಿಡಿದು ಹೋಗುವಾಗ ಬಾಗಿಲಲ್ಲಿ ನಿಂತು ಮಗಳನ್ನು ನೋಡಿ ನಗುತ್ತಿದ್ದರು.

"ಅಕ್ಕೋರಿಗೆ ಪಾಠ ಹೇಳ್ಕೊಡೋದು ನಿನ್ ಮಗಳೇ ಏನೇ ಮಾರಾಯ್ತಿ?" ಎಂದು ಇನ್ನೊಬ್ಬ ಅಡುಗೆಯವರು ಕೆಣಕುತ್ತಿದ್ದರು.

"ಮತ್ತೆ? ಅಷ್ಟು ಮಕ್ಕಳಲ್ಲಿ ಇವಳನ್ನೇ ಪಕ್ಕ ಕೂರಿಸ್ಕಳದು!"

ಅಡುಗೆಮನೆಯ ಮಾತು ನನ್ನ ಕೋಣೆಗೆ ಕೇಳಿಸುತ್ತಿತ್ತು.

ಫೆಬ್ರವರಿಯಲ್ಲಿ ಅವಳು ಕಾಗುಣಿತದ ಕಾರ್ಡನ್ನು ತಪ್ಪಿಲ್ಲದೆ ಓದಿದಳು. ಎರಡನೇ ಗುಂಪಿಗೆ ಕಳಿಸಿದೆ. ಆ ಮಧ್ಯಾಹ್ನ ತಾಯಿ ಕೈ ಒರೆಸಿಕೊಳ್ಳುತ್ತಾ ಬಂದರು.

"ಎಂತ ತಪ್ಪು ಮಾಡಿದ್ಲು ಅಕ್ಕೋರೇ? ದೂರ ಕೂರ್ಸಿದ್ರಲ್ಲ."

"ತಪ್ಪಲ್ಲ. ಓದಕ್ಕೆ ಬಂತು ಅವಳಿಗೆ, ಅದಕ್ಕೇ." ಗುಂಪುಗಳ ಕ್ರಮ ವಿವರಿಸಿದೆ.

ಅವರು ಕಿಟಕಿಯ ಬಳಿಯ ಮಕ್ಕಳನ್ನು ನೋಡಿದರು. ಅವರಲ್ಲಿ ಇಬ್ಬರು ಒಂದನೇ ತರಗತಿಯವರು.

"ಹಂಗಾರೆ ಇಷ್ಟು ದಿನ ನಿಮ್ ಪಕ್ಕ ಕೂತಿದ್ದು, ಏನೂ ಬರ್ದೇ ಇದ್ದಿದ್ಕಾ?"

ಹೌದು ಎಂದೆ. ಬೇರೆ ಏನು ಹೇಳಬಹುದಿತ್ತೆಂದು ಈಗಲೂ ಗೊತ್ತಿಲ್ಲ. ಅಡುಗೆಮನೆಯಲ್ಲಿ ಆಮೇಲೆ ಯಾರೂ ಕೆಣಕಲಿಲ್ಲ. ಪಾತ್ರೆ ತೊಳೆಯುವ ಸದ್ದು ಮಾತ್ರ. ತಾಯಿ ನಮ್ಮ ಬಾಗಿಲಲ್ಲಿ ನಿಲ್ಲುವುದನ್ನು ಬಿಟ್ಟರು. ಹುಡುಗಿ ಮಾತ್ರ ಆಗಾಗ ತಲೆಯೆತ್ತಿ ಬಾಗಿಲು ನೋಡುತ್ತಿದ್ದಳು.

ಏಪ್ರಿಲ್ ಹೊತ್ತಿಗೂ ಒತ್ತಕ್ಷರ ಅವಳಿಗೆ ತೊಡಕೇ ಆಗಿತ್ತು. ಆದರೆ ಎಲ್ಲರಂತೆ ಅವಳೂ ನಾಲ್ಕನೆಯದಕ್ಕೆ ಹೋಗಬೇಕು. ಅಲ್ಲಿ ಏಣಿಯಿಲ್ಲ, ಗುಂಪಿಲ್ಲ. ಬೆಂಚುಗಳೆಲ್ಲ ಒಂದೇ ಕಡೆಗೆ, ಎಲ್ಲರ ಕೈಯಲ್ಲೂ ಅದೇ ಪುಸ್ತಕದ ಅದೇ ಪುಟ. ಕೊನೆಯ ದಿನ ತಾಯಿ ಮತ್ತೆ ಬಾಗಿಲಲ್ಲಿ ನಿಂತರು. ನಗಲಿಲ್ಲ.

"ಇನ್ನೊಂದು ವರ್ಷ ನಿಮ್ ಪಕ್ಕನೇ ಇಟ್ಕಳಿ ಅಕ್ಕೋರೇ. ಯಾರು ಎಂತ ಅಂದ್ರೂ ಅಡ್ಡಿಲ್ಲ."

ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ ಎಂದೆ. ನನ್ನ ಕೆಲಸವೂ ಅಂದಿಗೆ ಮುಗಿದಿತ್ತು, ಅದನ್ನು ಹೇಳಲಿಲ್ಲ. ಜೂನ್‌ನಲ್ಲಿ ತೀರ್ಥಹಳ್ಳಿ ಕಡೆಯ ಶಾಲೆಯೊಂದರಲ್ಲಿ ಜಾಗ ಸಿಕ್ಕಿತು. ಇಲ್ಲಿ ನನಗೆ ಕೊಟ್ಟಿರುವುದು ನಾಲ್ಕನೇ ತರಗತಿ.