ಗೊಬ್ಬರ ತಾಗದ ಚೌಕ

೨೦೧೮ರ ಬೇಸಿಗೆಯಲ್ಲಿ ನೆದರ್‌ಲ್ಯಾಂಡ್ಸಿನ ಉತ್ತರದ ಬಯಲು ಒಣಗಿ ಹಪ್ಪಳವಾಗಿತ್ತು. ನಾನಾಗ ಲೈಡನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ನಾಲ್ಕು ವರ್ಷದ ದುಡಿಮೆಯೆಲ್ಲ ಆ ಬಯಲಿನ ಒಂದು ಚೌಕದಲ್ಲಿತ್ತು. ಅಲ್ಲಿ ನೇರಳೆ ಹೂ ಬಿಡುವ ಕುರುಚಲು ಗಿಡ. ದನದ ಗೊಬ್ಬರ ಒಂಚೂರೂ ತಾಗದಿದ್ದರೆ ಅದು ಹೇಗೆ ಬೆಳೆಯುತ್ತದೆ ಅಂತ ನೋಡುವುದು ನನ್ನ ಕೆಲಸ. ಸುತ್ತ ತಗಡು ಹುಗಿದು, ಮಳೆನೀರನ್ನೂ ಸೋಸಿ ಬಿಡುತ್ತಿದ್ದೆ. ಬಾಣಂತಿಯನ್ನೂ ಯಾರೂ ಹಾಗೆ ನೋಡಿಕೊಳ್ಳುವುದಿಲ್ಲ.

ಬಯಲಿನ ಅಂಚಿನಲ್ಲಿ ಹಸು ಸಾಕುವ ರೈತನೊಬ್ಬನಿದ್ದ. ಅವನಿಗೂ ನನಗೂ ಎಣ್ಣೆ ಸೀಗೆಕಾಯಿ. ನಿನ್ನ ಕೊಟ್ಟಿಗೆಯ ಗೊಬ್ಬರದ ಆವಿ ಮಳೆಯಲ್ಲಿ ಇಳಿದೇ ಈ ಬಯಲಿನ ಗಿಡ ಕೆಡುತ್ತಿದೆ ಅಂತ ಮುಖದ ಮೇಲೇ ಹೇಳಿದ್ದೆ. "ನೀನು ಹಾಲಿಲ್ಲದ ಟೀ ಕುಡೀತೀಯಾ?" ಅಂತ ಅವನು ಕೇಳಿದ್ದ. ಮೈಯೆಲ್ಲ ಉರಿದಿತ್ತು, ಯಾಕಂದರೆ ಕುಡಿಯುವುದಿಲ್ಲ.

ಕೊನೆಯ ಅಳತೆಗೆ ಹೋದ ಮಧ್ಯಾಹ್ನ ಗದಗಿನಿಂದ ಬಂದಿದ್ದ ಅಪ್ಪನೂ ಜೊತೆಗಿದ್ದರು. ಲೈನ್‌ಮನ್ ಆಗಿ ರಿಟೈರ್ ಆದವರು. ಕಾರು ನಿಲ್ಲಿಸುವಷ್ಟರಲ್ಲಿ ಗುಡುಗು ಶುರುವಾಯಿತು, ಒಂದು ಹನಿ ಮಳೆಯಿಲ್ಲ. ಬಾಗಿಲು ತೆಗೆದರೆ ಅಪ್ಪ ರಟ್ಟೆ ಹಿಡಿದರು.

"ಕುಂದ್ರ ಸುಮ್ನ. ಬಟಾಬಯಲಾಗ ಸಿಡ್ಲಿಗೆ ನೀನ ಕಂಬ ಆಗ್ತಿ."

"ಅಳತಿ ಇವತ್ತ ಆಗಬೇಕಪಾ."

"ಸತ್ತರ ಯಾರು ಅಳೀತಾರ?"

ಅಷ್ಟರಲ್ಲೇ ದೂರದ ಒಂಟಿ ಮರಕ್ಕೆ ಸಿಡಿಲು ಹೊಡೆಯಿತು. ಹೊಗೆ ಎದ್ದಿತು. ಗಾಳಿ ಬೆಂಕಿಯನ್ನು ನನ್ನ ಚೌಕದ ಕಡೆಗೇ ಅಟ್ಟುತ್ತಿತ್ತು. ಅಗ್ನಿಶಾಮಕದವರಿಗೆ ಫೋನ್ ಮಾಡಿದೆ. ಅವರಿಗಿಂತ ಮೊದಲು ಬಂದದ್ದು ಹೊಗೆ ನೋಡಿದ ಆ ರೈತನೇ. ಟ್ರ್ಯಾಕ್ಟರಿನ ಹಿಂದೆ ಸಗಣಿ, ಗಂಜಲ ಸಾಗಿಸುವ ಟ್ಯಾಂಕರು. ತೊಳೆಯಲು ಪುರುಸೊತ್ತೆಲ್ಲಿ, ಹಾಗೇ ಕಾಲುವೆ ನೀರು ತುಂಬಿಕೊಂಡು ಬಂದಿದ್ದ.

ಗುಡುಗು ದೂರ ಸರಿದ ಮೇಲೆ ಅಪ್ಪ ಕೈ ಬಿಟ್ಟರು. ಓಡಿದೆ. ಟ್ರ್ಯಾಕ್ಟರಿನ ದಾರಿ ಚೌಕದ ಹತ್ತಿರ ಮುಗಿಯುತ್ತದೆ. ಚೌಕವನ್ನೇ ನೆನೆಸದಿದ್ದರೆ ಬೆಂಕಿ ಅದರ ಹಿಂದಿನ ಪೈನ್ ಕಾಡಿಗೆ ದಾಟುತ್ತಿತ್ತು. ಅವನು ಪೈಪು ಹಿಡಿದು ನಿಂತಿದ್ದ, ನೀರು ಮಾತ್ರ ಬಿಟ್ಟಿರಲಿಲ್ಲ.

"ಇದರಲ್ಲಿ ಸಗಣಿ ಇದೆ," ಅಂದ. "ಹಾಕಲಾ?"

ಅಷ್ಟು ಜಗಳ ಆಡಿದವಳನ್ನು, ಎದುರಿಗೆ ಬೆಂಕಿ ಬರುತ್ತಿರುವಾಗಲೂ ಕೇಳಿದನಲ್ಲ!

"ಹಾಕು," ಅಂದೆ. "ಇದ್ದಷ್ಟೂ ಹಾಕು."

ಬೆಂಕಿ ತಗಡಿನವರೆಗೆ ಬಂದು ಸತ್ತಿತು. ಉಳಿದದ್ದನ್ನು ಅಗ್ನಿಶಾಮಕದವರು ಆರಿಸಿದರು. ನಮ್ಮಿಬ್ಬರ ಮೈತುಂಬ ಸಗಣಿ ನೀರು. ಅಪ್ಪ ಮೂಗು ಮುಚ್ಚಿಕೊಂಡೇ ಹತ್ತಿರ ಬಂದರು.

"ನಾಕು ವರ್ಷದ್ದು ಹೋತೇನವ್ವಾ?"

"ಚೌಕ ಹೋತಪಾ," ಅಂದೆ. ಅಳು ಬರಬೇಕಿತ್ತು, ಉಳಿದ ಕಾಡು ನೋಡಿ ನಗು ಬಂತು. ಅಪ್ಪನೂ ನಕ್ಕರು.

ನನ್ನ ಪ್ರಬಂಧದಲ್ಲಿ ಮೊದಲ ಮೂರು ವರ್ಷದ ಅಳತೆ ಇದೆ, ನಾಲ್ಕನೇ ವರ್ಷದ ಅಂಕಣ ಖಾಲಿಯಿದೆ. ಕಾರಣ ಬರೆಯುವಲ್ಲಿ 'ಸಿಡಿಲು' ಅಂದರೆ ಸಾಕು ಅಂತ ಗೈಡ್ ಹೇಳಿದರು. ನಾನು ಒಪ್ಪಲಿಲ್ಲ. 'ಸಗಣಿ ನೀರು, ನಾನೇ ಹಾಕಿಸಿದ್ದು' ಅಂತ ಬರೆದೆ.