ಇನ್ನೊಮ್ಮೆ ಅನ್ರಿ

ಮೂಡಲಗಿಯ ಕವಿಕೂಟದಲ್ಲಿ ಕವಿಗಳು ಒಂಬತ್ತು ಮಂದಿ, ಕೇಳುವವನು ಒಬ್ಬನೇ: ಕಂಬಳಿ ನೇಯುವ ಸಿದರಾಯ. ಬೇಸರ ತರಿಸುವ ಪದ್ಯಕ್ಕೆ ‘ಭಾರಿ ಐತ್ರಿ’ ಎಂದು ಎಲೆಯಡಿಕೆ ಚೀಲ ಬಿಚ್ಚುತ್ತಾನೆ. ಮನಸ್ಸಿಗೆ ಹಿಡಿದರೆ ಮುಂದೆ ಸರಿದು ‘ಇನ್ನೊಮ್ಮೆ ಅನ್ರಿ’ ಎನ್ನುತ್ತಾನೆ. ನಾಲ್ಕು ಸಲ ಅನ್ನಿಸಿಕೊಂಡ ಕವಿ ವಾರವೆಲ್ಲ ರುಮಾಲು ಎತ್ತರಿಸಿ ಕಟ್ಟಿಕೊಂಡು ತಿರುಗುತ್ತಾನೆ. ‘ಬಾಯಿಪಾಠ ಮಾಡಾಕತ್ತೀಯೇನೋ? ಪರೀಕ್ಷಾ ಐತೇನು?’ ಎಂದು ಆ ಒಂಬತ್ತರಲ್ಲಿ ಒಬ್ಬರಾದ ಹುಕ್ಕೇರಿಯ ಮಾಸ್ತರರು ನಕ್ಕರೆ, ‘ಹೌದ್ರಿ, ಮನ್ಯಾಗ ಐತಿ’ ಎನ್ನುತ್ತಾನೆ ಸಿದರಾಯ. ಅದು ಖರೆ. ಹೆಂಗಸರು ಕೂಟಕ್ಕೆ ಬರುವಂತಿಲ್ಲ. ಹೆಂಡತಿ ಯಮನವ್ವನಿಗೆ ಅವನು ನೆನಪಿನಲ್ಲಿ ಹೊತ್ತು ತಂದಷ್ಟೇ ಕಾವ್ಯ. ಬೆಳಗ್ಗೆ ಅದನ್ನು ಹಾಡಿಕೊಳ್ಳುತ್ತ, ಬೀಸುಕಲ್ಲಿನ ತಿರುವಿಗೆ ಒಗ್ಗದ ಮಾತನ್ನು ತೆಗೆದು ಆಕೆ ತನ್ನದೊಂದನ್ನು ಇಡುತ್ತಾಳೆ. ಓಣಿಯೆಲ್ಲ ಹಾಗೆಯೇ ಹಾಡುತ್ತದೆ. ಮೊನ್ನೆ ಮಾಸ್ತರರು ಓಣಿಯಲ್ಲಿ ತಮ್ಮ ಪದ ಕೇಳಿ ಕೂಟಕ್ಕೆ ಬಂದು, ಸಿದರಾಯನಿಗೆ ಮೆಲ್ಲಗೆ ಹೇಳಿದರು: ‘ನಾ ಬರದದ್ದಕ್ಕಿಂತ ಚಂದ ಆಗೇತಿ. ತಿದ್ದಿದವರು ಕವಿ ಇರಬೇಕು.’ ಸಿದರಾಯ ಮುಂದೆ ಸರಿದು ಕುಳಿತ. ‘ಇನ್ನೊಮ್ಮೆ ಅನ್ರಿ.’